ಊಟದ ಸಾಲಿನಿಂದ ಶುರು ಮಾಡಿದೆವು

ನಾನು ಕೆಲಸ ಮಾಡುವುದು ರಾಯಚೂರು ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ಆರೋಗ್ಯಕ್ಕೊಂದು ವಹಿ, ವಿಶೇಷ ಅಗತ್ಯವುಳ್ಳ ಮಕ್ಕಳಿಗೊಂದು, ಶಾಲೆ ಬಿಟ್ಟವರಿಗೆ ಇನ್ನೊಂದು. ಮೇಲಿನವರು ಬಂದಾಗ ಮೂರನ್ನೂ ಮೇಜಿನ ಮೇಲೆ ಜೋಡಿಸಿಡಬಹುದು. ಮಕ್ಕಳು ಮಾತ್ರ ಹಾಗೆ ವಿಂಗಡಣೆಯಾಗಿ ಬರುವುದಿಲ್ಲ. ರಕ್ತ ಕಡಿಮೆಯಿರುವ ಹುಡುಗಿಯೇ ದುಡಿಮೆ ಹುಡುಕಿ ಗುಳೆ ಹೋಗುವ ಮನೆಯವಳು; ನಡೆಯಲಾಗದ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುವವಳೂ ಅವಳೇ. ಹೀಗಾಗಿ ನಾವು ವಹಿಗಳನ್ನು ಬದಿಗಿಟ್ಟು, ಎಲ್ಲರೂ ಒಟ್ಟಿಗೆ ಸಿಗುವ ಬಿಸಿಯೂಟದ ಹೊತ್ತನ್ನು ಹಿಡಿದುಕೊಂಡೆವು.

ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹ 2002ರಲ್ಲಿ ಮೊದಲು ಬಂದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಹಾಲು 2013ರಲ್ಲಿ ಬಂತು. ಮೊಟ್ಟೆ ಬಂದದ್ದು ತಡವಾಗಿ. 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವು ಸೇರಿ ವಾರದ ಆರೂ ದಿನ ಸಿಗುವಂತಾಯಿತು. ಮೊಟ್ಟೆ ಬೇಡವೆಂದವರಿಗೆ ಬಾಳೆಹಣ್ಣು. ತಿನ್ನುವವರು, ತಿನ್ನದವರು ಎಂದು ಎರಡು ಸಾಲು ಮಾಡಿದರೆ ಬಡಿಸುವುದು ಸಲೀಸು ಎಂದು ಕೆಲವು ಪಾಲಕರು ಒತ್ತಾಯಿಸಿದರು. ನಾವು ಒಪ್ಪಲಿಲ್ಲ. ನಮ್ಮ ಕಡೆ ಊಟದ ಸಾಲು ಎರಡಾದರೆ ಅದು ಮೊಟ್ಟೆಯ ಸಾಲಾಗಿ ಉಳಿಯುವುದಿಲ್ಲ, ಜಾತಿಯ ಸಾಲಾಗುತ್ತದೆ. ವರ್ಷದ ಆರಂಭದಲ್ಲೇ ಪಾಲಕರಿಂದ ಬರೆಸಿಕೊಂಡು, ಒಂದೇ ಸಾಲಿನಲ್ಲಿ ಕೂರಿಸಿ, ಅವರವರ ತಟ್ಟೆಗೆ ಅವರವರದ್ದು ಹಾಕುತ್ತೇವೆ. ಸಿಪ್ಪೆ ಮಕ್ಕಳೇ ಸುಲಿದುಕೊಳ್ಳುತ್ತಾರೆ.

ಈ ಸಾಲಿನ ಬಗ್ಗೆ ನನಗಿಂತ ಹೆಚ್ಚು ಗೊತ್ತಿರುವುದು ಅಡುಗೆ ಮಾಡುವ ಅಕ್ಕಂದಿರಿಗೆ. ಒಮ್ಮೆ ಅವರಲ್ಲೊಬ್ಬರು ಮಾತಿನ ನಡುವೆ, ‘ಮೇಡಂರೀ, ಆ ನಾಲ್ಕನೇತ್ತೆ ಹುಡುಗ ಸೋಮವಾರ ಬಂದ್ರ ಮೂರ್ ಸಲ ನೀಡಿಸ್ಕೊಂತಾನ್ರಿ, ಉಳಿದ ದಿನ ಹಂಗಿಲ್ಲ’ ಅಂದರು. ವಿಚಾರಿಸಿದರೆ, ಅಪ್ಪ ಅವ್ವ ಇಬ್ಬರೂ ಬೆಂಗಳೂರಿಗೆ ಗುಳೆ ಹೋಗಿದ್ದರು. ಕಣ್ಣು ಮಂಜಾದ ಅಜ್ಜಿಯ ಜೊತೆ ಹುಡುಗನ ಭಾನುವಾರ ಕಳೆಯುತ್ತಿತ್ತು. ಹಾಜರಿ ಪುಸ್ತಕದಲ್ಲಿ ಅವನದು ಒಂದೂ ಗೈರಿರಲಿಲ್ಲ. ಅಂದಿನಿಂದ ಶನಿವಾರ ಶಾಲೆ ಬಿಡುವ ಮುಂಚೆ ಅಡುಗೆಮನೆಯ ಕಟ್ಟೆ ಮೇಲೆ ಕೂತು ಅವರೊಂದಿಗೆ ಸ್ವಲ್ಪ ಹೊತ್ತು ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಯಾರು ಊಟ ಬಿಡುತ್ತಿದ್ದಾರೆ, ಯಾರು ತಮ್ಮನಿಗೆಂದು ಮೊಟ್ಟೆ ಜೇಬಿಗಿಳಿಸುತ್ತಿದ್ದಾರೆ, ಎಲ್ಲ ಅಲ್ಲಿ ಸಿಗುತ್ತದೆ. ಏಳು ದಿನ ಸತತವಾಗಿ ಬಾರದಿದ್ದರೆ ಶಾಲೆ ಬಿಟ್ಟ ಮಗು ಎಂದು ನಮ್ಮ ರಾಜ್ಯದ ನಿಯಮ ಲೆಕ್ಕ ಹಿಡಿಯುತ್ತದೆ. ಸುಗ್ಗಿ ಮುಗಿದ ಮೇಲೆ ಏಳು ದಿನ ಕಾದರೆ ಮನೆಗೆ ಬೀಗ ಬಿದ್ದಿರುತ್ತದೆ. ನಾನು ಮೂರನೆಯ ದಿನವೇ ಹೋಗಿ ಬಾಗಿಲು ತಟ್ಟುತ್ತೇನೆ. ಗುಳೆ ತಡೆಯುವುದು ನನ್ನ ಕೈಲಿಲ್ಲ. ಮಗುವನ್ನು ಅಜ್ಜಿ ಬಳಿಯೋ ಹಾಸ್ಟೆಲಿನಲ್ಲೋ ಬಿಟ್ಟುಹೋಗಿ ಎಂದು ಹೇಳುವಷ್ಟು ಹೊತ್ತು ಸಿಗುತ್ತದೆ.

ಕಬ್ಬಿಣಾಂಶದ ಮಾತ್ರೆ ವಾರಕ್ಕೊಂದು: ಐದನೇ ತರಗತಿವರೆಗೆ ಗುಲಾಬಿ ಬಣ್ಣದ್ದು, ಆರು ಏಳಕ್ಕೆ ನೀಲಿ. ಇದರ ಬಗ್ಗೆ ಹಳ್ಳಿಯಲ್ಲಿ ಹೆದರಿಕೆ ಬಹಳ. ಖಾಲಿ ಹೊಟ್ಟೆಗೆ ಕೊಟ್ಟರೆ ವಾಕರಿಕೆ ಬರುತ್ತದೆ, ಒಂದು ಮಗು ವಾಂತಿ ಮಾಡಿಕೊಂಡರೆ ಮರುವಾರ ಅರ್ಧ ತರಗತಿ ಬಾಯಿ ಬಿಗಿಹಿಡಿಯುತ್ತದೆ. ಊಟವಾದ ಮೇಲೆಯೇ ಕೊಡಬೇಕು. ಹಾಲಿನ ಜೊತೆ ಬೇಡ, ಹಾಲು ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ನಮ್ಮಲ್ಲಿ ಹಾಲು ಬೆಳಿಗ್ಗೆಯೇ ಮುಗಿಯುವುದರಿಂದ ಆ ತೊಂದರೆಯಿಲ್ಲ. ಮಲ ಕಪ್ಪಗಾಗುತ್ತದೆ ಎಂಬುದನ್ನು ತಾಯಂದಿರಿಗೆ ಮೊದಲೇ ಹೇಳಿಬಿಡಬೇಕು. ನಾನೂ ಮಕ್ಕಳೆದುರು ಒಂದು ಮಾತ್ರೆ ನುಂಗುತ್ತೇನೆ. ನನಗೂ ಅದರ ಅಗತ್ಯವಿದೆ, ನಾಟಕವೇನಲ್ಲ.

ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ) ಇರುವ ಹುಡುಗಿಯೊಬ್ಬಳು ದಾಖಲಾಗಿದ್ದಳು, ಆದರೆ ಬಂದರೂ ಊಟಕ್ಕೆ ಮುಂಚೆ ಅವ್ವ ಬಂದು ಎತ್ತಿಕೊಂಡು ಹೋಗುತ್ತಿದ್ದರು. ಎಲ್ಲರೆದುರು ಬಾಯಿಂದ ಅನ್ನ ಚೆಲ್ಲುತ್ತದೆ ಎಂಬ ಸಂಕೋಚ. ತಾಲ್ಲೂಕಿನಿಂದ ಬರುವ ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ನೆರವಾಗುವ ಶಿಕ್ಷಕರು, ನಮಗೆ ಕಲಿಸಿದ್ದು ಸಣ್ಣ ಸಣ್ಣ ಸಂಗತಿಗಳು. ಬೆನ್ನು ನೆಟ್ಟಗಿರುವಂತೆ ಎರಡೂ ಪಕ್ಕ ಕಂಬಳಿ ಸುರುಳಿ ಒತ್ತಿ ಕೂರಿಸಬೇಕು. ತಲೆ ಹಿಂದಕ್ಕೆ ವಾಲಿಸಿ ತಿನ್ನಿಸಬಾರದು, ಅನ್ನ ಶ್ವಾಸನಾಳಕ್ಕೆ ಹೋಗುತ್ತದೆ. ಗದ್ದ ತುಸು ಕೆಳಗಿರಬೇಕು. ಚಮಚದ ಹಿಡಿಗೆ ಹಳೆಯ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿದರೆ ಬೆರಳು ಹಿಡಿದುಕೊಳ್ಳುತ್ತದೆ. ಚಪ್ಪಟೆ ತಟ್ಟೆಯ ಬದಲು ಅಂಚು ಎತ್ತರದ ಬೋಗುಣಿ. ಅನ್ನ ಸಾಂಬಾರನ್ನು ಮೆತ್ತಗೆ ಕಿವುಚಿ, ಅವಳಿಗೆ ಮೊದಲು ಬಡಿಸಿ, ಸಾಲಿನಲ್ಲೇ ಕೂರಿಸಿದೆವು. ಅನ್ನ ಚೆಲ್ಲುವುದನ್ನು ಮಕ್ಕಳು ನೋಡಿದರು, ಕೆಲವರು ನಕ್ಕರು. ಆಮೇಲೆ ಅದು ಯಾರಿಗೂ ಸುದ್ದಿಯಾಗಲಿಲ್ಲ, ಒಂದನೇ ತರಗತಿಯಲ್ಲಿ ಚೆಲ್ಲದವರು ಯಾರಿದ್ದಾರೆ?

ಊಟ ಮಾಡಿದರೆ ನೀರು ಕುಡಿಯಬೇಕು, ನೀರು ಕುಡಿದರೆ ಶೌಚಾಲಯಕ್ಕೆ ಹೋಗಬೇಕು. ಅವಳು ನೀರನ್ನೇ ಮುಟ್ಟುತ್ತಿರಲಿಲ್ಲ. ಶಾಲೆಯ ಮುಂದಿನ ಬಾಗಿಲಿಗೆ ರ‍್ಯಾಂಪ್ ಇತ್ತು, ಫೋಟೊ ತೆಗೆದು ಕಳಿಸಿಯೂ ಆಗಿತ್ತು. ಶೌಚಾಲಯಕ್ಕೆ ಮಾತ್ರ ಎರಡು ಮೆಟ್ಟಿಲು. ಅಲ್ಲಿಗೆ ರ‍್ಯಾಂಪ್ ಹಾಕಿಸುವಾಗ ನಾನು ಟೇಪು ಹಿಡಿದು ನಿಂತೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು ಎಂದಾಗ ಗೌಂಡಿ, ‘ಅಷ್ಟ್ ಉದ್ದ ಯಾತಕ್ರಿ, ಜಾಗ ಹಾಳು’ ಅಂದ. ಖಾಲಿ ಗಾಲಿಕುರ್ಚಿ ತಂದು, ‘ಇದರಾಗ ಕೂತು ಮುಂದಿನ ಬಾಗಿಲ ಏರಿ ತೋರಿಸಪಾ’ ಅಂದೆ. ಆ ರ‍್ಯಾಂಪ್ ಕಡಿದು, ಕುರ್ಚಿ ಹತ್ತಲಿಲ್ಲ. ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯವರು ಸಿಮೆಂಟು ಕೊಟ್ಟರು, ಪಂಚಾಯಿತಿ ಮರಳು ಕೊಟ್ಟಿತು. ಒಳಗೆ ಕಮೋಡ್ ಕುರ್ಚಿ, ಗೋಡೆಗೊಂದು ಕಬ್ಬಿಣದ ಹಿಡಿ. ಬಾಗಿಲಿನ ಚಿಲಕ ಕೆಳಗಿಳಿಸಿದ್ದರಿಂದ ಒಂದನೇ ತರಗತಿಯವರಿಗೂ ಅನುಕೂಲವಾಯಿತು.

ಕಣ್ಣಿನ ವಿಷಯ ಬೇರೆ ಥರ. ಆರ್‌ಬಿಎಸ್‌ಕೆ ಎಂಬ ಸರ್ಕಾರಿ ಮಕ್ಕಳ ಆರೋಗ್ಯ ಯೋಜನೆಯ ತಂಡ ಬಂದು ತಪಾಸಣೆ ಮಾಡುತ್ತದೆ, ಆದರೆ ದಿನವೂ ಬರುವುದಿಲ್ಲವಲ್ಲ. ಆರು ಮೀಟರ್ ಅಳೆದು ನೆಲಕ್ಕೆ ಗೆರೆ ಎಳೆದು, ಗೋಡೆಗೆ ಕಣ್ಣಿನ ಚಾರ್ಟ್ ಅಂಟಿಸಿದ್ದೇವೆ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಸಬೇಕು. ಬೆರಳಿಂದ ಮುಚ್ಚಿದರೆ ಸಂದಿಯಲ್ಲಿ ಇಣುಕುತ್ತಾರೆ. ಕನ್ನಡಕ ಸಿಗುವುದು ಕಷ್ಟವಲ್ಲ, ಮುಖದ ಮೇಲೆ ಉಳಿಯುವುದು ಕಷ್ಟ. ‘ಹೆಣ್ಣುಡುಗಿ ಮಾರಿಗೆ ಚಾಳೀಸ ಹಾಕಿದ್ರ ನಾಳೆ ಯಾರ್ ಮಾಡ್ಕೊಂತಾರ್ರಿ?’ ಎಂದು ಒಬ್ಬ ತಾಯಿ ಕೇಳಿದರು. ವಾದ ಮಾಡಲಿಲ್ಲ. ಕನ್ನಡಕ ಶಾಲೆಯಲ್ಲೇ ಇರಲಿ, ಬೋರ್ಡು ನೋಡುವಾಗ ಹಾಕಿಕೊಳ್ಳಲಿ ಎಂದೆ, ಒಪ್ಪಿದರು. ಅಲ್ಮೇರಾದಲ್ಲಿ ಡಬ್ಬಿಗಳ ಸಾಲಿದೆ. ಅರ್ಧ ಗೆಲುವು ಅಷ್ಟೇ, ಆದರೂ ಆ ಹುಡುಗಿ ಈಗ ಬೋರ್ಡಿನ ಲೆಕ್ಕವನ್ನು ಪಕ್ಕದವಳ ಪಾಟಿ ನೋಡಿ ಬರೆಯುವುದಿಲ್ಲ.

ಬೋಗುಣಿಯ ಹುಡುಗಿ ಈಗ ಏಳನೇ ತರಗತಿ. ಜೂನ್‌ನಲ್ಲಿ ಪಕ್ಕದ ಊರಿನ ಪ್ರೌಢಶಾಲೆಗೆ ಹೋಗಬೇಕು. ಅಲ್ಲಿಯ ಶೌಚಾಲಯ ನೋಡಿಬಂದೆವು: ಮೂರು ಮೆಟ್ಟಿಲು, ಕಿರಿದಾದ ಬಾಗಿಲು. ಅಳತೆ ಬರೆದು ಅಲ್ಲಿಯ ಮುಖ್ಯೋಪಾಧ್ಯಾಯರ ಕೈಗೆ ಕೊಟ್ಟಿದ್ದೇವೆ. ಬೇಸಿಗೆ ರಜೆಯಲ್ಲಿ ಅದೇ ಗೌಂಡಿ ಬರುತ್ತೇನೆ ಎಂದಿದ್ದಾನೆ.