ಡೀಲರ್ ಕೈ ಎತ್ತಿದರೆ ಕಂಪನಿಯನ್ನು ಹಿಡಿಯುವುದು ಹೇಗೆ: ಸೋಲಾರ್ ವಾಟರ್ ಹೀಟರ್ ಇರುವವರಿಗೆ

ನಮ್ಮ ಮನೆ ತುಮಕೂರಿನಲ್ಲಿ. ಮಹಡಿ ಮೇಲೆ 200 ಲೀಟರಿನ ಸೋಲಾರ್ ಇದೆ. ಟ್ಯಾಂಕಿಗೆ 5 ವರ್ಷ ವಾರಂಟಿ. ಎರಡನೇ ವರ್ಷದ ಡಿಸೆಂಬರಿನಲ್ಲಿ ಟ್ಯಾಂಕಿನ ಅಡಿಯಿಂದ ನೀರು ತೊಟ್ಟಿಕ್ಕಲು ಶುರುವಾಯಿತು. ಅತ್ತೆಗೆ 78 ವರ್ಷ, ಮಂಡಿನೋವು, ಆ ಚಳಿಯಲ್ಲಿ ಬಿಸಿನೀರಿಲ್ಲದೆ ಆಗುವುದಿಲ್ಲ. ಡೀಲರ್‌ಗೆ ಫೋನ್ ಮಾಡಿದೆ. "ನಿಮ್ಮದು ಬೋರ್‌ವೆಲ್ ನೀರು ಮೇಡಂ, ಗಡಸು. ವಾರಂಟಿ ಬರಲ್ಲ" ಅಂದರು. ನೋಡಲೂ ಬರಲಿಲ್ಲ. ಆಮೇಲೆ ಫೋನೇ ಎತ್ತಲಿಲ್ಲ. ಕಂಪನಿಗೆ ಕೇಳಿದರೆ, "ಡೀಲರ್ ಬೇರೆ ವ್ಯಾಪಾರಿ, ಅವರ ಹತ್ತಿರವೇ ಮಾತಾಡಿ" ಅನ್ನುವ ಉತ್ತರ.

ಈ ಉತ್ತರ ಕೇಳಿ ಸುಮ್ನೆ ಕೂರಬೇಡಿ. ಆದರೆ ಅದು ಪೂರ್ತಿ ಸುಳ್ಳು ಅಂತಲೂ ತಿಳಿಯಬೇಡಿ. 2021ರ ಫೆಬ್ರವರಿಯಲ್ಲಿ ಟಾಟಾ ಮೋಟಾರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ನೋಡಿತ್ತು. 2009ರ ಕಾರನ್ನು 2011ರದ್ದು ಅಂತ ಡೀಲರ್ ಮಾರಿದ್ದರು ಅನ್ನುವುದು ಅಲ್ಲಿನ ದೂರು. ಡೀಲರ್ ಸ್ವಂತ ಲೆಕ್ಕದಲ್ಲಿ ಮಾಲು ಕೊಂಡು ಮಾರುವವನಾಗಿದ್ದರೆ, ಅವನ ತಪ್ಪು ಕಂಪನಿಗೆ ಗೊತ್ತಿತ್ತು ಅಂತ ತೋರಿಸದೆ ಕಂಪನಿಯನ್ನು ಹೊಣೆ ಮಾಡಲಾಗದು ಎಂದು ಕೋರ್ಟ್ ಹೇಳಿತು. ಇದನ್ನು ಓದಿದ ಮೇಲೆ ನನಗೆ ದಾರಿ ಕಾಣಿಸಿತು. ಡೀಲರ್ ಏನು ಮಾಡುತ್ತಿದ್ದಾರೆ ಅಂತ ಕಂಪನಿಗೆ ಬರಹದಲ್ಲಿ ಗೊತ್ತಾಗಬೇಕು. ಜೊತೆಗೆ, ಕಂಪನಿ ತಾನೇ ಕೊಟ್ಟ ಮಾತನ್ನು ಹುಡುಕಿ ಹಿಡಿಯಬೇಕು.

ಆ ಮಾತು ಇರುವುದು ವಾರಂಟಿ ಕಾರ್ಡಿನಲ್ಲಿ ಮತ್ತು ಅದರ ಜೊತೆ ಬರುವ ಪುಸ್ತಕದಲ್ಲಿ. ಸಣ್ಣ ಅಕ್ಷರ, ಯಾರೂ ಓದುವುದಿಲ್ಲ. ನಾನೂ ಓದಿರಲಿಲ್ಲ. ಓದಿದಾಗ ಎರಡು ಸಾಲು ಸಿಕ್ಕವು. ಒಂದು, ನೀರಿನ ಗಡಸುತನ ಇಷ್ಟು ದಾಟಿದರೆ ವಾರಂಟಿ ಇಲ್ಲ ಎಂಬುದು. ಹಾಗಾದರೆ ಡೀಲರ್ ಬಾಯಲ್ಲಿ "ಗಡಸು" ಅಂದರೆ ಸಾಲದು, ಅಳೆದು ತೋರಿಸಬೇಕು, ಅಲ್ವಾ? ನಾನೇ ಒಂದು ಬಾಟಲಿ ನೀರನ್ನು ಲ್ಯಾಬಿಗೆ ಕೊಟ್ಟು ವರದಿ ತರಿಸಿದೆ. ಮಿತಿಯ ಒಳಗೇ ಇತ್ತು. ಇನ್ನೊಂದು ಸಾಲು, "ನಮ್ಮ ಅಧಿಕೃತ ಡೀಲರ್ ಕಡೆಯವರೇ ಜೋಡಿಸಬೇಕು, ಬೇರೆಯವರು ಜೋಡಿಸಿದರೆ ವಾರಂಟಿ ರದ್ದು." ಈ ಸಾಲೇ ಕೊನೆಗೆ ನಮ್ಮನ್ನು ಕಾಪಾಡಿತು.

ರಿಪೇರಿಗೆ ಮೊದಲು ಫೋಟೊ ತೆಗೆಯಿರಿ. ಬೀದಿಯ ಪ್ಲಂಬರ್ ಕೈ ಹಾಕಿದರೆ, "ನೀವೇ ಬಿಚ್ಚಿದ್ದೀರಿ" ಅನ್ನಲು ಅವರಿಗೆ ಅವಕಾಶ ಕೊಟ್ಟಂತೆ. ಟ್ಯಾಂಕಿನ ಮೇಲಿನ ಸೀರಿಯಲ್ ನಂಬರ್, ಸೋರುವ ಜಾಗ, ಪೈಪುಗಳು ಎಲ್ಲವೂ ಬೇಕು. ಏರ್ ವೆಂಟ್ ಪೈಪನ್ನಂತೂ ಮರೆಯಬೇಡಿ. ಟ್ಯಾಂಕಿನ ನೆತ್ತಿಯಿಂದ ಮೇಲಕ್ಕೆ ಹೋಗುವ ಪೈಪು ಅದು. ಅದರ ತುದಿ ತೆರೆದಿರಬೇಕು, ತಣ್ಣೀರಿನ ಟ್ಯಾಂಕಿಗಿಂತ ಎತ್ತರಕ್ಕಿರಬೇಕು. ನಮ್ಮಲ್ಲಿ ಪೈಪು ಗಿಡ್ಡವಾಗಿತ್ತು, ನೀರು ಉಕ್ಕುತ್ತಿತ್ತು. ಎತ್ತರಿಸುವ ಬದಲು, ಜೋಡಿಸಿದ ಡೀಲರ್ ಕಡೆಯ ಹುಡುಗ ತುದಿಗೆ ಕ್ಯಾಪ್ ಹಾಕಿ ಹೋಗಿದ್ದ. ಆವಿ ಹೊರಗೆ ಹೋಗಲು ದಾರಿ ಇಲ್ಲ, ನೀರು ಎಳೆದಾಗ ಗಾಳಿ ಒಳಗೆ ಬರಲು ದಾರಿ ಇಲ್ಲ. ಒಳಗಿನ ಟ್ಯಾಂಕ್ ಸೊಟ್ಟಗಾಗಿ ಬೆಸುಗೆ ಬಿಟ್ಟಿತ್ತು.

ಆಮೇಲೆ ಕಂಪನಿಯ ಮುಖ್ಯ ಕಚೇರಿಗೆ ಇಮೇಲ್ ಮಾಡಿ, ಸ್ಪೀಡ್ ಪೋಸ್ಟ್ ಕೂಡ ಹಾಕಿ. ಫೋನ್ ಕರೆಗೆ ಸಾಕ್ಷಿ ಇರುವುದಿಲ್ಲ. ಬಿಲ್ ನಂಬರ್, ಸೀರಿಯಲ್ ನಂಬರ್, ಡೀಲರ್ ಯಾವ ದಿನ ಏನು ಹೇಳಿದರು ಎಂಬುದನ್ನು ದಿನಾಂಕದ ಸಮೇತ ಬರೆಯಿರಿ. ಸಿಟ್ಟಿನ ಮಾತು ಬೇಡ. ಏನು ಬೇಕು ಅಂತ ನೇರವಾಗಿ ಹೇಳಿ, 15 ದಿನ ಗಡುವು ಕೊಡಿ. ನಮಗೆ ಕಂಪನಿಯಿಂದ ಉತ್ತರ ಬಂತು: "ಜೋಡಣೆ ತಪ್ಪು, ನಮ್ಮ ಮಾಲಿನ ತಪ್ಪಲ್ಲ." ನಾನು ಪುಸ್ತಕದ ಆ ಸಾಲಿನ ಫೋಟೊ ಕಳಿಸಿ ಒಂದೇ ಪ್ರಶ್ನೆ ಕೇಳಿದೆ. "ನಿಮ್ಮವರ ಕೈಯಲ್ಲೇ ಜೋಡಿಸಬೇಕು ಅಂತ ಕಟ್ಟುಪಾಡು ಹಾಕಿದವರು ನೀವು. ಅವರ ಕೆಲಸಕ್ಕೆ ಹೊಣೆ ಯಾರು?"

ಅದೇ ದಿನ 1915ಕ್ಕೂ ಫೋನ್ ಮಾಡಿದೆ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಅವರು ತೀರ್ಪು ಕೊಡುವುದಿಲ್ಲ, ದೂರನ್ನು ಕಂಪನಿಗೆ ತಲುಪಿಸುತ್ತಾರೆ.

ಅಷ್ಟಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸವಿರುವ ಊರಿನ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಎಲ್ಲಿದ್ದರೂ ಸರಿ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ವಕೀಲರೇ ಬೇಕು ಅಂತಿಲ್ಲ. ತೊಂದರೆ ಶುರುವಾದ 2 ವರ್ಷದೊಳಗೆ ಹೋಗಬೇಕು. ಡೀಲರ್ ಮತ್ತು ಕಂಪನಿ ಇಬ್ಬರನ್ನೂ ಎದುರುದಾರರಾಗಿ ಸೇರಿಸಿ. ಒಬ್ಬರನ್ನು ಬಿಟ್ಟರೆ ಇನ್ನೊಬ್ಬರು ಅಲ್ಲಿಲ್ಲದವರ ಮೇಲೆ ಹಾಕಿ ಜಾರಿಕೊಳ್ಳುತ್ತಾರೆ.

ನಾವು ಅಲ್ಲಿವರೆಗೆ ಹೋಗಬೇಕಾಗಲಿಲ್ಲ. ಎರಡು ತಿಂಗಳಾದ ಮೇಲೆ ಹೊಸ ಟ್ಯಾಂಕ್ ಬಂತು. "ಸಾಗಾಣಿಕೆ ಖರ್ಚು ಕೊಡಿ ಅಮ್ಮ" ಅಂದರು, ಕಾರ್ಡಿನಲ್ಲಿ ಹಾಗೆ ಬರೆದಿಲ್ಲ ಅಂತ ತೋರಿಸಿದ ಮೇಲೆ ಬಿಟ್ಟರು. ಹಳೇ ಟ್ಯಾಂಕ್ ಒಯ್ಯುವ ಮೊದಲು ಅದರ ಸೀರಿಯಲ್ ನಂಬರಿನ ಫೋಟೊ ಇನ್ನೊಮ್ಮೆ ತೆಗೆದಿಡಿ. ಹೊಸದರ ನಂಬರನ್ನು ಕಾರ್ಡಿನಲ್ಲಿ ಬರೆಸಿ, ಸೀಲ್ ಹಾಕಿಸಿಕೊಳ್ಳಿ. ಆಮೇಲೆ ಏಣಿ ಹತ್ತಿ ವೆಂಟ್ ಪೈಪಿನ ತುದಿ ತೆರೆದಿದೆಯೇ ಅಂತ ನೀವೇ ನೋಡಿ, ಅವರು ಹೊರಡುವ ಮೊದಲೇ.