ಪರವೂರಿನ ಜನಪದ ಸಂಜೆ: ಒಳ್ಳೆಯ ಪ್ರೇಕ್ಷಕರಾಗುವ ಬಗೆ

ಪ್ರವಾಸದ ನಡುವೆ ಒಂದು ಸಂಜೆಯನ್ನಾದರೂ ಆ ನಾಡಿನ ಜನಪದ ಹಾಡು-ಕುಣಿತಕ್ಕೆ ಮೀಸಲಿಡಬೇಕೆಂದು ಬಹಳ ಮಂದಿ ಬಯಸುತ್ತಾರೆ. ಆದರೆ ಟಿಕೆಟ್ ಕೊಂಡು, ಹೇಳಿದ ಹೊತ್ತಿಗೆ ಹೋಗಿ, ಮುಂದಿನ ಸಾಲಿನಲ್ಲಿ ಕುಳಿತು, ಕೊನೆಯಲ್ಲಿ ಚಪ್ಪಾಳೆ ತಟ್ಟಿ ಎದ್ದು ಬರುವುದಷ್ಟೇ ತಮ್ಮ ಪಾಲಿನ ಕೆಲಸವೆಂದು ತಿಳಿದು ಹೋದವರಿಗೆ ಆ ಸಂಜೆಯ ಅರ್ಧ ಭಾಗ ಕೈತಪ್ಪಿಹೋಗುತ್ತದೆ. ಈ ಕಲೆಗಳಲ್ಲಿ ಬಹುಪಾಲು ಸಭಾಂಗಣದಲ್ಲಿ ಹುಟ್ಟಿದವಲ್ಲ. ಅಂಗಳದಲ್ಲಿ, ದೇವಾಲಯದ ಎದುರಿನ ಬಯಲಿನಲ್ಲಿ, ಹೋಟೆಲಿನ ಮೂಲೆಯ ಮೇಜಿನ ಸುತ್ತ, ಕೂಡಿದ ಜನರ ನಡುವೆಯೇ ಬೆಳೆದವು. ಆದ್ದರಿಂದ ಸುತ್ತ ನೆರೆದವರಿಗೂ ಅಲ್ಲಿ ಒಂದು ಪಾತ್ರವಿರುತ್ತದೆ. ಕೆಲವು ಕಡೆ ಆ ಪಾತ್ರವೆಂದರೆ ಮೌನ, ಕೆಲವು ಕಡೆ ತಕ್ಕ ಗಳಿಗೆಗೆ ಒಂದು ಮೆಚ್ಚುಗೆಯ ಕೂಗು, ಇನ್ನು ಕೆಲವು ಕಡೆ ಎದ್ದು ಬಂದು ಪಕ್ಕದವರ ಕೈ ಹಿಡಿಯುವುದು. ಎಲ್ಲಿ ಯಾವುದು ಸಲ್ಲುತ್ತದೆ ಎಂಬುದನ್ನು ಮುಂಚೆಯೇ ತಿಳಿದುಕೊಳ್ಳುವುದು ಸಿದ್ಧತೆಯ ಮುಖ್ಯ ಭಾಗ.

ಮೊದಲನೆಯದಾಗಿ, ಎಂಥ ಸಂಜೆಗೆ ಹೋಗಬೇಕು ಎಂಬ ಆಯ್ಕೆ. ಪ್ರವಾಸಿಗರಿಗೆಂದೇ ಏರ್ಪಡಿಸಿದ ಪ್ರದರ್ಶನಗಳಿರುತ್ತವೆ. ಪ್ರವಾಸಿಗರು ಬಾರದಿದ್ದರೂ ಊರಿನವರು ತಮಗಾಗಿ ನಡೆಸಿಯೇ ನಡೆಸುವ ಕೂಟಗಳೂ ಇರುತ್ತವೆ. ಸಾಧ್ಯವಾದಲ್ಲೆಲ್ಲ ಎರಡನೆಯದನ್ನು ಹುಡುಕಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಮೊದಲನೆಯದನ್ನು ಹೀಗಳೆಯುವುದು ಸರಿಯಲ್ಲ. ಬಾಲಿ ದ್ವೀಪದ ಕೆಚಕ್ ನೃತ್ಯದ ಈಗಿನ ರೂಪವು 1930ರ ದಶಕದಲ್ಲಿ ಅಲ್ಲಿನ ನರ್ತಕ ವಯಾನ್ ಲಿಂಬಾಕ್ ಮತ್ತು ಅಲ್ಲಿ ನೆಲೆಸಿದ್ದ ಜರ್ಮನ್ ಚಿತ್ರಕಾರ ವಾಲ್ಟರ್ ಸ್ಪೀಸ್ ಅವರ ಕೂಡುಕೆಲಸದಿಂದ ಮೂಡಿತು. ಹಳೆಯ ಸಂಘ್ಯಾಂಗ್ ಆಚರಣೆಯ ಪುರುಷರ ಮೇಳಗಾನಕ್ಕೆ ರಾಮಾಯಣದ ಕಥೆಯನ್ನು ಹೊಂದಿಸಿ, ಹೊರಗಿನಿಂದ ಬಂದವರ ಮುಂದೆ ಆಡಲು ತಕ್ಕಂತೆ ಅದನ್ನು ರೂಪಿಸಲಾಯಿತು. ಹಾಗಿದ್ದರೂ ಒಂದೇ ಒಂದು ವಾದ್ಯವಿಲ್ಲದೆ, ಹತ್ತಾರು ಗಂಡಸರು ಉರುಟಾಗಿ ಕುಳಿತು ‘ಚಕ್ ಚಕ್’ ಎಂಬ ಸದ್ದನ್ನು ಬೇರೆ ಬೇರೆ ಲಯಗಳಲ್ಲಿ ಹೆಣೆಯುವುದನ್ನು ಅದೇ ದ್ವೀಪದ ಉಲುವಾಟುವಿನ ಬಂಡೆಯ ಮೇಲೆ ಸೂರ್ಯಾಸ್ತದ ಹೊತ್ತಿಗೆ ಕೇಳಿದವರು ಅದನ್ನು ಕೃತಕವೆಂದು ತಳ್ಳಿಹಾಕಲಾರರು. ಕಥಕಳಿಯ ವಿಷಯದಲ್ಲಿಯೂ ಹೀಗೆಯೇ. ರಾತ್ರಿಯಿಡೀ ನಡೆಯುವ ಆಟವನ್ನು ಮೊದಲ ಸಲವೇ ನೋಡಲು ಕುಳಿತರೆ ದಿಕ್ಕು ತೋಚದಿರಬಹುದು. ಕೊಚ್ಚಿಯಲ್ಲಿ ನಡೆಯುವ ಗಂಟೆ, ಒಂದೂವರೆ ಗಂಟೆಯ ಪ್ರದರ್ಶನಗಳಲ್ಲಿ ಕಣ್ಣಿನ ಚಲನೆಯನ್ನೂ ಮುದ್ರೆಗಳನ್ನೂ ಮೊದಲಿಗೆ ಬಿಡಿಸಿ ತೋರಿಸುವ ರೂಢಿಯಿರುವುದರಿಂದ ಅದೊಂದು ಒಳ್ಳೆಯ ಮೊದಲ ಪಾಠವಾಗುತ್ತದೆ. ಅಲ್ಲಿಗೆ ಹೋಗುವವರು ಆಟಕ್ಕೆ ಒಂದು ಗಂಟೆ ಮೊದಲೇ ತಲುಪಿ ಬಣ್ಣ ಹಚ್ಚುವುದನ್ನು ನೋಡಬೇಕು. ಒಬ್ಬ ಮನುಷ್ಯನ ಮುಖ ನಿಧಾನವಾಗಿ ಹಸಿರು ಬಣ್ಣದ ನಾಯಕನ ಮುಖವಾಗಿ ಮಾರ್ಪಡುವುದು ಆಟಕ್ಕಿಂತ ಯಾವ ರೀತಿಯಲ್ಲಿಯೂ ಕಡಿಮೆಯಲ್ಲ.

ಊರಿನವರ ಕೂಟಗಳ ಸುಳಿವು ದೊಡ್ಡ ಜಾಹೀರಾತುಗಳಲ್ಲಿ ಸಿಗುವುದು ಅಪರೂಪ. ವಾದ್ಯಗಳನ್ನು ಮಾರುವ ಅಥವಾ ರಿಪೇರಿ ಮಾಡುವ ಅಂಗಡಿಯವರನ್ನು, ಸಂಗೀತ ಶಾಲೆಯವರನ್ನು, ಗ್ರಂಥಾಲಯದ ಸೂಚನಾ ಫಲಕವನ್ನು ವಿಚಾರಿಸುವುದು ಹೆಚ್ಚು ಫಲ ಕೊಡುತ್ತದೆ. ವಿಚಾರಿಸುವಾಗ ‘ಒಳ್ಳೆಯ ಕಾರ್ಯಕ್ರಮ ಎಲ್ಲಿದೆ?’ ಎನ್ನುವುದಕ್ಕಿಂತ ‘ನೀವು ಕೇಳಲು ಎಲ್ಲಿಗೆ ಹೋಗುತ್ತೀರಿ?’ ಎಂದು ಕೇಳಿರಿ, ಉತ್ತರವೇ ಬೇರೆಯಾಗಿರುತ್ತದೆ. ಋತುವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜಪಾನಿನ ಬೋನ್ ಒದೊರಿ ಬೇಸಿಗೆಯ ಕುಣಿತ. ಟರ್ಕಿಯ ಕೊನ್ಯಾದಲ್ಲಿ ಸೂಫಿ ಕವಿ ಜಲಾಲುದ್ದೀನ್ ರೂಮಿಯವರ ಸ್ಮರಣೆಯ ಸಮಾ, ಅಂದರೆ ಸುತ್ತುತ್ತಾ ಮಾಡುವ ಆರಾಧನೆಯ ಸಭೆಗಳು ಅವರು ತೀರಿಕೊಂಡ ದಿನವಾದ ಡಿಸೆಂಬರ್ 17ರಂದು ಕೊನೆಗೊಳ್ಳುವಂತೆ ನಡೆಯುತ್ತವೆ. ಪ್ರಯಾಣದ ದಿನಾಂಕವನ್ನು ನಿಶ್ಚಯಿಸಿದ ಮೇಲೆ ಕಾರ್ಯಕ್ರಮ ಹುಡುಕುವುದಕ್ಕಿಂತ, ಕಾರ್ಯಕ್ರಮವನ್ನು ನೋಡಿಕೊಂಡು ದಿನಾಂಕವನ್ನು ನಿಶ್ಚಯಿಸುವುದು ಮೇಲು.

ಹೋಗುವ ಮೊದಲು ಒಂದು ಗಂಟೆಯಾದರೂ ಆ ಸಂಗೀತದ ಧ್ವನಿಮುದ್ರಣಗಳನ್ನು ಕೇಳಿರಿ. ಎಲ್ಲವನ್ನೂ ಅರ್ಥ ಮಾಡಿಕೊಳ್ಳುವ ಅಗತ್ಯವಿಲ್ಲ. ಒಂದು ವಾದ್ಯದ ದನಿಯನ್ನು ಗುರುತಿಸಲು ಬಂದರೆ ಸಾಕು, ಕಿವಿಗೆ ಒಂದು ಆಸರೆ ಸಿಕ್ಕಂತಾಗುತ್ತದೆ. ಪೋರ್ಚುಗಲ್ಲಿನ ಫಾದೋ ಎಂಬ ವಿಷಾದದ ಹಾಡುಗಾರಿಕೆಯನ್ನು ಕೇಳಲು ಹೋಗುವವರು ಹನ್ನೆರಡು ತಂತಿಗಳ ಪೋರ್ಚುಗೀಸ್ ಗಿಟಾರಿನ ಮಿನುಗುವ ನಾದವನ್ನೂ ಅದರ ಕೆಳಗೆ ಲಯ ಹಿಡಿದಿರುವ ಸಾಮಾನ್ಯ ಗಿಟಾರನ್ನೂ ಬೇರ್ಪಡಿಸಿ ಕೇಳಲು ಕಲಿತರೆ, ಹಾಡುವವರ ದನಿ ಅವೆರಡರ ನಡುವೆ ಹೇಗೆ ಹಿಂದುಳಿದು, ಹೇಗೆ ಮತ್ತೆ ಬಂದು ಕೂಡಿಕೊಳ್ಳುತ್ತದೆ ಎಂಬುದು ತಾನಾಗಿಯೇ ತಿಳಿಯುತ್ತದೆ. ಕಥೆಯಿರುವ ಆಟವಾದರೆ ಕಥೆಯನ್ನು ಓದಿಕೊಂಡೇ ಹೋಗಬೇಕು. ನೆರೆದವರೆಲ್ಲರಿಗೂ ಕಥೆ ಗೊತ್ತಿದೆ ಎಂದುಕೊಂಡೇ ಕಲಾವಿದರು ಆಡುತ್ತಾರೆ. ಮುಂದೇನಾಗುತ್ತದೆ ಎಂಬುದಕ್ಕಿಂತ, ಗೊತ್ತಿರುವುದನ್ನು ಇವರು ಇಂದು ಹೇಗೆ ಆಡುತ್ತಾರೆ ಎಂಬುದರಲ್ಲಿಯೇ ಅಲ್ಲಿನ ಸ್ವಾರಸ್ಯವಿದೆ.

ಎಷ್ಟು ಹೊತ್ತು ನಡೆಯುತ್ತದೆ ಎಂದು ತಪ್ಪದೆ ಕೇಳಿರಿ. ಜಾವಾದ ತೊಗಲುಗೊಂಬೆಯಾಟವಾದ ವಯಾಂಗ್ ಕುಲಿತ್ ಸಾಂಪ್ರದಾಯಿಕವಾಗಿ ರಾತ್ರಿ ಶುರುವಾಗಿ ನಸುಕಿನವರೆಗೆ ನಡೆಯುತ್ತದೆ. ಗೊಂಬೆಯಾಡಿಸುವ ದಲಂಗ್ ಒಬ್ಬನೇ ಎಲ್ಲ ಪಾತ್ರಗಳ ಮಾತನ್ನೂ ಆಡುತ್ತಾ ವಾದ್ಯವೃಂದಕ್ಕೂ ಸೂಚನೆ ಕೊಡುತ್ತಿರುತ್ತಾನೆ. ಅಂಥ ಆಟಕ್ಕೆ ಹೋಗುವ ದಿನ ಮಧ್ಯಾಹ್ನ ನಿದ್ದೆ ಮಾಡಿ, ಮರಳುವ ವಾಹನವನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಅವಶ್ಯ. ಬೆಳಗಿನವರೆಗೆ ಕೂರಲಾಗದವರು ನಡುರಾತ್ರಿಯ ಸುಮಾರಿಗೆ ಬರುವ ‘ಗರಗರ’ ಎಂಬ ಹಾಸ್ಯಭಾಗದವರೆಗಾದರೂ ಕಾಯಬೇಕು. ಸೆಮಾರ್ ಎಂಬ ವಿದೂಷಕ ತನ್ನ ಮಕ್ಕಳೊಂದಿಗೆ ಬಂದಾಗ ತೂಕಡಿಸುತ್ತಿದ್ದ ಸಭೆಯೆಲ್ಲ ಎಚ್ಚೆತ್ತುಕೊಳ್ಳುತ್ತದೆ. ಭಾಷೆ ಬಾರದವರಿಗೂ ಆ ಬದಲಾವಣೆ ತಿಳಿಯುತ್ತದೆ. ಅಲ್ಲಿ ಕೂರುವ ಜಾಗವೂ ಒಂದೇ ಅಲ್ಲ. ತೆರೆಯ ಒಂದು ಬದಿಯಿಂದ ನೆರಳುಗಳು ಕಾಣುತ್ತವೆ. ಇನ್ನೊಂದು ಬದಿಯಿಂದ ದಲಂಗ್, ಬಣ್ಣದ ಗೊಂಬೆಗಳು ಮತ್ತು ಗಾಮೆಲಾನ್ ಎಂಬ ವಾದ್ಯವೃಂದದ ವಾದಕರು ಕಾಣುತ್ತಾರೆ. ಎರಡೂ ಬದಿಗಳಿಗೆ ಹೋಗಿ ಬರುವುದು ಅಲ್ಲಿ ಅನುಚಿತವಲ್ಲ. ಉಳಿದ ಕಡೆಗಳಲ್ಲಿ ನಟ್ಟನಡುವಿನ ಜಾಗಕ್ಕಿಂತ ತುಸು ಬದಿಯ ಜಾಗವೇ ನನಗೆ ಮೆಚ್ಚುಗೆ. ಅಲ್ಲಿಂದ ಕುಣಿಯುವವರ ಪಾದಗಳನ್ನೂ ಬಾರಿಸುವವರ ಕೈಗಳನ್ನೂ ಒಟ್ಟಿಗೆ ನೋಡಬಹುದು, ಒಬ್ಬರು ಇನ್ನೊಬ್ಬರಿಗಾಗಿ ಕಾಯುವ ಕ್ಷಣಗಳನ್ನು ಗುರುತಿಸಬಹುದು.

ಇನ್ನು ಪ್ರೇಕ್ಷಕರ ನಡವಳಿಕೆ. ಇದರಲ್ಲಿ ಒಂದು ಕಡೆಯ ಸೌಜನ್ಯ ಮತ್ತೊಂದು ಕಡೆ ಅಪಚಾರವಾಗಬಲ್ಲದು. ಲಿಸ್ಬನ್ನಿನ ಅಲ್ಫಾಮಾ, ಮೊರಾರಿಯಾ ಬಡಾವಣೆಗಳ ಫಾದೋ ಮನೆಗಳಲ್ಲಿ ದೀಪ ಮಂಕಾದೊಡನೆ ಮಾತು ನಿಲ್ಲಬೇಕು. ಬಡಿಸುವವರೂ ತಟ್ಟೆಗಳನ್ನು ಹಿಡಿದು ಓಡಾಡುವುದನ್ನು ನಿಲ್ಲಿಸುತ್ತಾರೆ. ಹಾಡಿನ ನಡುವೆ ಪಿಸುಗುಟ್ಟಿದರೂ ಅಕ್ಕಪಕ್ಕದವರು ಸುಮ್ಮನಿರುವಂತೆ ಸನ್ನೆ ಮಾಡುತ್ತಾರೆ. ಮೈಕ್ ಇಲ್ಲದೆ ಹಾಡುವ ಒಂದು ದನಿ ಆ ಚಿಕ್ಕ ಕೋಣೆಯನ್ನು ತುಂಬಬೇಕಾದರೆ ಆ ಮೌನವನ್ನು ಒದಗಿಸಬೇಕಾದವರು ಕೇಳುಗರೇ. ಅದೇ ದೇಶದ ಕೊಯಿಂಬ್ರಾದಲ್ಲಿ ವಿದ್ಯಾರ್ಥಿ ಪರಂಪರೆಯಿಂದ ಬಂದ ಫಾದೋಗೆ ಚಪ್ಪಾಳೆಯ ಬದಲು ಗಂಟಲು ಸರಿಪಡಿಸಿಕೊಳ್ಳುವಂತೆ ಕೆಮ್ಮಿ ಮೆಚ್ಚುಗೆ ಸೂಚಿಸುವ ಹಳೆಯ ಪದ್ಧತಿಯಿದೆ. ಕೊನ್ಯಾದ ಸಮಾ ಪ್ರದರ್ಶನವಲ್ಲ, ಆರಾಧನೆ. ದರ್ವೇಶಿಗಳು, ಅಂದರೆ ಸೂಫಿ ಸಾಧಕರು, ಕಪ್ಪು ನಿಲುವಂಗಿಯನ್ನು ಕಳಚಿ, ಬಿಳಿಯ ಉಡುಪಿನಲ್ಲಿ ‘ಸಲಾಂ’ ಎಂಬ ನಾಲ್ಕು ಹಂತಗಳಲ್ಲಿ ಸುತ್ತುವ ಹೊತ್ತಿನಲ್ಲಿ ಚಪ್ಪಾಳೆ ತಟ್ಟುವುದಾಗಲೀ ಎದ್ದು ಓಡಾಡುವುದಾಗಲೀ ಸಲ್ಲದು.

ಹಾಡು, ಗಿಟಾರು, ಕುಣಿತ ಕೂಡಿದ ಸ್ಪೇನಿನ ಫ್ಲಮೆಂಕೊ ಇದಕ್ಕೆ ತದ್ವಿರುದ್ಧ. ಅಲ್ಲಿ ‘ಓಲೆ’ ಎಂಬ ಉದ್ಗಾರಕ್ಕೂ ಇತರ ಹುರಿದುಂಬಿಸುವ ಮಾತುಗಳಿಗೂ ‘ಹಲೆಯೊ’ ಎಂಬ ಹೆಸರೇ ಇದೆ. ಅವು ಕಲೆಯ ಒಂದು ಅಂಗ. ಆದರೆ ಆ ಕೂಗು ಬೀಳುವ ಜಾಗ ನಿಖರವಾದದ್ದು. ಗಾಯಕ ಒಂದು ಸಾಲನ್ನು ಎಳೆದು, ತಿರುಗಿಸಿ, ನೆಲೆಗೆ ತಂದು ನಿಲ್ಲಿಸಿದ ಗಳಿಗೆಯಲ್ಲಿ ಅದು ತಾನಾಗಿ ಹೊಮ್ಮುತ್ತದೆ. ಸೊಲೆಯಾ, ಬುಲೆರಿಯಾ ಮುಂತಾದ ಫ್ಲಮೆಂಕೊ ಪ್ರಕಾರಗಳು ಹನ್ನೆರಡು ಎಣಿಕೆಯ ಆವರ್ತದಲ್ಲಿ ನಡೆಯುತ್ತವೆ ಮತ್ತು ಅವುಗಳಲ್ಲಿ ಒತ್ತು ಬೀಳುವ ಎಣಿಕೆಗಳು ಸಮದೂರದಲ್ಲಿರುವುದಿಲ್ಲ. ಅಲ್ಲಿ ಚಪ್ಪಾಳೆ ಎಂಬುದು ಅಭ್ಯಾಸದಿಂದ ಸಿದ್ಧಿಸಿಕೊಂಡ ವಾದ್ಯ. ಮೆಲುವಾದ ಚಪ್ಪಾಳೆ, ಗಡುಸಾದ ಚಪ್ಪಾಳೆ ಎಂಬ ಭೇದವನ್ನೂ ಕಲಿತ ಕಲಾವಿದರು ಅದನ್ನು ನುಡಿಸುತ್ತಾರೆ. ಉತ್ಸಾಹದಿಂದ ನಾವೂ ಜೊತೆಗೆ ತಟ್ಟತೊಡಗಿದರೆ ಕುಣಿಯುವವರ ಕಾಲಿನ ಲೆಕ್ಕಕ್ಕೆ ಅಡ್ಡ ಬಂದಂತಾಗುತ್ತದೆ. ಆದ್ದರಿಂದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಊರಿನವರು ಎಲ್ಲಿ ಕೂಗುತ್ತಾರೆ ಎಂಬುದನ್ನು ಗಮನಿಸುತ್ತಾ ಕೂರುವುದು ಲೇಸು. ಅವರು ಕೂಗುವ ಮೊದಲೇ ಆ ಜಾಗ ನಿಮಗೆ ಹೊಳೆಯತೊಡಗಿದರೆ ನಿಮ್ಮ ಕಿವಿ ಸರಿಯಾದ ದಾರಿಯಲ್ಲಿದೆ ಎಂದರ್ಥ. ಪ್ರವಾಸಿಗರು ಹೋಗುವ ‘ಟಬ್ಲಾವೊ’ ಎಂಬ ಫ್ಲಮೆಂಕೊ ಪ್ರದರ್ಶನ ಶಾಲೆಗಳ ಜೊತೆಗೆ, ಅಭಿಮಾನಿಗಳೇ ಕಟ್ಟಿಕೊಂಡ ‘ಪೆನ್ಯಾ’ ಎಂಬ ಸಂಘಗಳಲ್ಲಿಯೂ ಹೊರಗಿನವರಿಗೆ ಪ್ರವೇಶ ಸಿಗುವ ಸಂಜೆಗಳಿರುತ್ತವೆ. ಈ ಬಗೆಯ ಆಲಿಸುವಿಕೆಯನ್ನು ಕಲಿಯಲು ಅವೇ ತಕ್ಕ ಜಾಗ.

ಐರ್ಲೆಂಡಿನ ಪಬ್‌ಗಳ ‘ಸೆಷನ್’ ಇವೆರಡರ ನಡುವೆ ನಿಲ್ಲುತ್ತದೆ. ಮೇಜಿನ ಸುತ್ತ ಕುಳಿತವರು ನಮಗಾಗಿ ನುಡಿಸುತ್ತಿರುವುದಿಲ್ಲ. ಒಬ್ಬರಿಗಾಗಿ ಒಬ್ಬರು ನುಡಿಸುತ್ತಿರುತ್ತಾರೆ. ಒಂದು ಧಾಟಿಯನ್ನು ಎರಡು ಮೂರು ಸಲ ನುಡಿಸಿ, ನಿಲ್ಲಿಸದೆ ಮುಂದಿನದಕ್ಕೆ ಜಾರುತ್ತಾರೆ. ಮೆಲ್ಲಗೆ ಮಾತಾಡುವುದಕ್ಕೆ ಅಡ್ಡಿಯಿಲ್ಲ, ಆದರೆ ಯಾರಾದರೂ ವಾದ್ಯವಿಲ್ಲದೆ ಹಾಡಲು ತೊಡಗಿದರೆ ಕೋಣೆಯೆಲ್ಲ ಸುಮ್ಮನಾಗಬೇಕು. ಆ ಮೇಜಿನ ಸುತ್ತಲ ಖಾಲಿ ಕುರ್ಚಿಗಳು ಬರಲಿರುವ ವಾದಕರಿಗಾಗಿ ಇಟ್ಟವು, ಅವುಗಳಲ್ಲಿ ಕೂರಬೇಡಿರಿ. ವಾದ್ಯ ನುಡಿಸಬಲ್ಲವರೂ ಕರೆಯುವವರೆಗೆ ಅಥವಾ ಕೇಳಿ ಒಪ್ಪಿಗೆ ಪಡೆಯುವವರೆಗೆ ಕಾಯುವುದು ಅಲ್ಲಿನ ಮರ್ಯಾದೆ.

ಕುಣಿತದಲ್ಲಿ ಸೇರಿಕೊಳ್ಳುವ ಅವಕಾಶವಿದ್ದಲ್ಲಿ ಸಂಕೋಚಪಟ್ಟು ಹಿಂದೆ ಸರಿಯಬೇಡಿರಿ. ಆದರೆ ಸೇರುವುದಕ್ಕೂ ಒಂದು ಬಾಗಿಲಿರುತ್ತದೆ. ಬಾರ್ಸಿಲೋನಾದ ಕ್ಯಾಥೆಡ್ರಲ್ ಎದುರಿನ ಚೌಕದಲ್ಲಿ ಸಾರ್ದಾನಾ ಎಂಬ ವೃತ್ತಕುಣಿತ ಕುಣಿಯುವವರು ಚೀಲಗಳನ್ನೂ ಕೋಟುಗಳನ್ನೂ ವೃತ್ತದ ನಡುವೆ ರಾಶಿ ಹಾಕಿ, ಕೈ ಕೈ ಹಿಡಿದು ನಿಲ್ಲುತ್ತಾರೆ. ಹನ್ನೊಂದು ವಾದಕರ ‘ಕೋಬ್ಲಾ’ ಮೇಳ ನುಡಿಸುತ್ತದೆ. ಹೊಸಬರು ಬಂದು ಸೇರುವುದು ಅಲ್ಲಿ ಸಹಜ. ಆದರೆ ಒಬ್ಬ ಪುರುಷನ ಮತ್ತು ಅವನ ಬಲಗಡೆ ನಿಂತ ಜೊತೆಗಾತಿಯ ನಡುವೆ ಮಾತ್ರ ನುಗ್ಗಬಾರದು, ಏಕೆಂದರೆ ಅವರಿಬ್ಬರೂ ಒಂದು ಜೋಡಿ. ಹೆಜ್ಜೆಗಳು ನೋಡಲು ಸರಳವಾಗಿದ್ದರೂ ಚಿಕ್ಕ ಹೆಜ್ಜೆ, ಉದ್ದ ಹೆಜ್ಜೆಗಳ ಭಾಗಗಳು ಎಲ್ಲಿ ಮುಗಿಯಬೇಕೆಂದು ವೃತ್ತದಲ್ಲಿ ಒಬ್ಬರು ಎಣಿಕೆ ಹಾಕುತ್ತಲೇ ಇರುತ್ತಾರೆ. ಅನುಭವಿಗಳ ವೃತ್ತಕ್ಕಿಂತ ಕಲಿಯುವವರ ವೃತ್ತವನ್ನು ಆರಿಸಿಕೊಂಡರೆ ಯಾರಿಗೂ ತೊಂದರೆಯಾಗುವುದಿಲ್ಲ. ಗ್ರೀಸಿನ ಊರಹಬ್ಬಗಳ ಸಾಲುಕುಣಿತದಲ್ಲಿ ಮುಂದಾಳಿನ ಜಾಗ ಗೌರವದ್ದು. ಹೊಸಬರು ಸಾಲಿನ ಕೊನೆಯಲ್ಲಿ ಸೇರಬೇಕು.

ಜಪಾನಿನಲ್ಲಿ ಬೋನ್ ಒದೊರಿಯನ್ನು ನಡುವಿನ ಯಾಗುರಾ ಎಂಬ ಅಟ್ಟಣೆಯ ಸುತ್ತ ಕುಣಿಯುತ್ತಾರೆ, ಮತ್ತು ಯಾರೂ ಪಾಠ ಹೇಳುವುದಿಲ್ಲ. ಮುಂದಿರುವವರನ್ನು ನೋಡಿ ಹಿಂದಿರುವವರು ಕಲಿಯುತ್ತಾರೆ. ಒಂದೇ ಹೆಜ್ಜೆಸಾಲು ಮರುಕಳಿಸುತ್ತಲೇ ಇರುವುದರಿಂದ ಒಂದೆರಡು ಸುತ್ತಿನಲ್ಲಿ ಕೈ ಹಿಡಿತಕ್ಕೆ ಬರುತ್ತದೆ, ಆಮೇಲೆ ಕಾಲು. ಗುಜೊ ಹಾಚಿಮಾನ್ ಎಂಬ ಪಟ್ಟಣದಲ್ಲಿ ಜುಲೈ ನಡುವಿನಿಂದ ಸೆಪ್ಟೆಂಬರ್ ಮೊದಲವರೆಗೆ ಸುಮಾರು ಮೂವತ್ತು ರಾತ್ರಿ ಕುಣಿತ ನಡೆಯುತ್ತದೆ; ಆಗಸ್ಟ್ 13ರಿಂದ 16ರವರೆಗೆ ಅದು ಬೆಳಗಿನ ಜಾವದವರೆಗೆ ಮುಂದುವರಿಯುತ್ತದೆ. ಅಲ್ಲಿ ನೋಡುವವರು, ಕುಣಿಯುವವರು ಎಂಬ ಗೆರೆಯೇ ಇಲ್ಲ.

ಕಲಿತು ಕುಣಿಯಬೇಕೆಂಬ ಆಸೆಯಿರುವವರಿಗೆ ಹಂಗೆರಿಯ ‘ತಾನ್ಸ್‌ಹಾಜ್’ಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಪದದ ಅರ್ಥ ನೃತ್ಯದ ಮನೆ. ಈಗ ರೊಮೇನಿಯಾಕ್ಕೆ ಸೇರಿರುವ ಟ್ರಾನ್ಸಿಲ್ವೇನಿಯಾದ ಸೇಕ್ ಎಂಬ ಹಳ್ಳಿಯಲ್ಲಿ ಉಳಿದುಬಂದಿದ್ದ ಕೂಟಗಳ ಮಾದರಿಯಲ್ಲಿ 1972ರಲ್ಲಿ ಬುಡಾಪೆಸ್ಟಿನಲ್ಲಿ ಇದು ಆರಂಭವಾಯಿತು. ಫೆರೆಂಕ್ ಶೆಬೊ ಮತ್ತು ಬೇಲಾ ಹಾಲ್ಮೋಶ್ ಎಂಬ ಯುವ ವಾದಕರು ಹಳ್ಳಿಯ ಹಿರಿಯರಿಂದ ಕಲಿತ ಸಂಗೀತವನ್ನು ನಗರಕ್ಕೆ ತಂದರು. 2011ರಲ್ಲಿ ಯುನೆಸ್ಕೊ ಈ ವಿಧಾನವನ್ನು ಪರಂಪರೆಯನ್ನು ಕಾಪಾಡುವ ಉತ್ತಮ ಮಾದರಿಗಳ ಪಟ್ಟಿಗೆ ಸೇರಿಸಿತು. ಸಂಜೆಯ ಮೊದಲ ಭಾಗದಲ್ಲಿ ಹೆಜ್ಜೆಗಳನ್ನು ಹೇಳಿಕೊಡುತ್ತಾರೆ, ಆಮೇಲೆ ಪಿಟೀಲು ಮೇಳದೊಂದಿಗೆ ಎಲ್ಲರೂ ಕುಣಿಯುತ್ತಾರೆ. ತಡವಾಗಿ ಹೋದವರು ಪಾಠವನ್ನೇ ಕಳೆದುಕೊಳ್ಳುತ್ತಾರೆ. ಆದ್ದರಿಂದ ಇಲ್ಲಿಗೆ ಮಾತ್ರ ಮೊದಲಿಗರಾಗಿಯೇ ಹೋಗಿರಿ, ಮೆತ್ತನೆಯ ಅಟ್ಟೆಯಿರುವ, ಜಾರದ ಪಾದರಕ್ಷೆ ಧರಿಸಿರಿ.

ಛಾಯಾಚಿತ್ರದ ವಿಷಯದಲ್ಲಿ ನಿಯಮ ಚಿಕ್ಕದು: ಮೊದಲು ಕೇಳಿರಿ, ಫ್ಲ್ಯಾಶ್ ಬಳಸಬೇಡಿರಿ, ಪೂಜೆಯ ಅಂಶವಿರುವಲ್ಲಿ ಕ್ಯಾಮೆರಾ ಹೊರತೆಗೆಯಬೇಡಿರಿ. ಒಂದು ಹಾಡನ್ನು ಚಿತ್ರಿಸಿಕೊಂಡರೂ ಉಳಿದವನ್ನು ಬರಿಗಣ್ಣಿನಿಂದಲೇ ನೋಡುವುದು ಒಳ್ಳೆಯದು. ಎತ್ತಿ ಹಿಡಿದ ಪರದೆ ಹಿಂದೆ ಕುಳಿತವರ ಕಣ್ಣಿಗೂ ಅಡ್ಡ ಬರುತ್ತದೆ.

ಹಣವನ್ನು ಕೊಡುವ ಸಂದರ್ಭದಲ್ಲಿ ಅದು ಕಲಾವಿದರಿಗೆ ತಲುಪುವುದೇ ಎಂದು ವಿಚಾರಿಸಬೇಕು. ಮಧ್ಯವರ್ತಿಗಳ ಮೂಲಕ ಕೊಂಡ ಟಿಕೆಟ್ಟಿನಲ್ಲಿ ಹಾಡುವವರ ಪಾಲು ಅಲ್ಪವಾಗಿರಬಹುದು. ಅವರ ಧ್ವನಿಮುದ್ರಣವನ್ನು ನೇರವಾಗಿ ಅವರಿಂದಲೇ ಕೊಳ್ಳುವುದು, ಬುಟ್ಟಿ ತಿರುಗಿದಲ್ಲಿ ಕೈಯಾರೆ ಹಾಕುವುದು, ಕೆಲವು ಕಡೆ ವಾದಕರಿಗೆ ಕುಡಿಯಲು ಏನಾದರೂ ತರಿಸಿಕೊಡುವುದು, ಇವೆಲ್ಲ ಒಪ್ಪಿತವಾದ ರೀತಿಗಳು. ಮುಗಿದ ಮೇಲೆ ಮಾತನಾಡಿಸಲು ಅವಕಾಶ ಸಿಕ್ಕರೆ ಬರಿಯ ಹೊಗಳಿಕೆಗಿಂತ ಒಂದು ನಿರ್ದಿಷ್ಟ ಪ್ರಶ್ನೆ ಹೆಚ್ಚು ಸಂತೋಷ ಕೊಡುತ್ತದೆ: ಮೂರನೆಯ ಹಾಡಿನ ಹೆಸರೇನು, ಅದನ್ನು ಯಾರಿಂದ ಕಲಿತಿರಿ, ನಡುವೆ ಲಯ ಬದಲಾದದ್ದು ಏಕೆ. ಹೆಸರುಗಳನ್ನು ಅಲ್ಲೇ ಬರೆದುಕೊಳ್ಳಿರಿ. ಮರುದಿನ ಅವು ನೆನಪಿಗೆ ಬಾರವು. ಹೊರಡುವ ಮುನ್ನ, ಮುಂದಿನ ಕೂಟ ಎಂದು, ಯಾರ ಮನೆಯಂಗಳದಲ್ಲಿ ಎಂದು ವಾದಕರನ್ನೇ ಕೇಳಿರಿ. ಯಾವ ಸೂಚನಾ ಫಲಕದಲ್ಲಿಯೂ ಇಲ್ಲದ ಸಂಜೆಗಳ ವಿಳಾಸ ಅವರ ಬಳಿ ಇರುತ್ತದೆ.