ಹದಿನೈದು ಡಾಲರಿನ ಜೆಂಟಲ್ ಲೇಡಿ: ಹಳೇ ಗ್ಲೈಡರ್ ರಿಪೇರಿ ಮಾಡುವ ಬಗೆ

ಮಗಳ ಮನೆ ಮಿಶಿಗನ್‌ನಲ್ಲಿ. ಅಲ್ಲಿ ಹಿಮ ಕರಗಿದ ಮೇಲೆ ಬೀದಿ ಬೀದಿಯಲ್ಲೂ ಗ್ಯಾರೇಜ್ ಸೇಲ್. ಹೋದ ವರ್ಷ ಮೇ ತಿಂಗಳಲ್ಲಿ ಬೆಳಿಗ್ಗೆ ವಾಕಿಂಗ್ ಹೋದವನು ವಾಪಸ್ ಬರುವಾಗ ಹೆಗಲ ಮೇಲೆ ಒಂದು ಮುರಿದ ರೆಕ್ಕೆ, ಕೈಯಲ್ಲಿ ಒಂದು ರಟ್ಟಿನ ಡಬ್ಬ ಹಿಡಿದುಕೊಂಡು ಬಂದೆ. ಹದಿನೈದು ಡಾಲರ್ ಕೊಟ್ಟಿದ್ದೆ. "ಅಪ್ಪಾ, ಇದನ್ನ ಎಲ್ಲಿ ಇಡ್ತೀಯ?" ಅಂತ ಮಗಳು ಕೇಳಿದಳು. ಏನು, ಯಾಕೆ ಅಂತ ಕೇಳಲಿಲ್ಲ. ಅವಳಿಗೆ ನಾನು ಗೊತ್ತು.

ಬೆಂಗಳೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸ ಮಾಡಿದವನು ನಾನು. ಸುಮ್ನೆ ಕೂರುವುದು ನನಗೆ ಬರುವುದಿಲ್ಲ. ಡಬ್ಬದಲ್ಲಿದ್ದದ್ದು ಜೆಂಟಲ್ ಲೇಡಿ ಅನ್ನುವ ಮಾಡೆಲ್ ಗ್ಲೈಡರ್. ಕಾರ್ಲ್ ಗೋಲ್ಡ್‌ಬರ್ಗ್ ಮಾಡೆಲ್ಸ್ ಕಂಪನಿಯ ಕಿಟ್. 1980ರ ದಶಕದಲ್ಲಿ ಅಮೆರಿಕದಲ್ಲಿ ಎಷ್ಟೋ ಜನ ರೇಡಿಯೋ ಕಂಟ್ರೋಲ್ ಹಾರಿಸಲು ಕಲಿತದ್ದು ಇದರಲ್ಲೇ. ರೆಕ್ಕೆಯ ಈ ತುದಿಯಿಂದ ಆ ತುದಿಗೆ 78¼ ಇಂಚು, ಅಂದರೆ ಎರಡು ಮೀಟರಿಗೆ ಒಂದು ಕೂದಲು ಕಡಿಮೆ. ಮೋಟಾರ್ ಇಲ್ಲ. ಎಡಬಲಕ್ಕೆ ತಿರುಗಿಸುವ ರಡ್ಡರ್, ಮೂಗು ಮೇಲೆ ಕೆಳಗೆ ಮಾಡುವ ಎಲಿವೇಟರ್, ಎರಡೇ ಕಂಟ್ರೋಲ್. ಮೈಯೆಲ್ಲ ಬಾಲ್ಸಾ ಅನ್ನುವ ಹಗುರ ಮರದ ಕಡ್ಡಿ. ಮೊದಲ ಸಲ ಹಳೇ ಮಾಡೆಲ್ ರಿಪೇರಿಗೆ ಕೈ ಹಾಕುವವರಿಗೆ ಇಂಥದ್ದೇ ಒಳ್ಳೆಯದು. ಫೈಬರ್ ಗ್ಲಾಸ್ ಮೈಯ ದೊಡ್ಡ ಗ್ಲೈಡರ್‌ಗಳ ತಂಟೆಗೆ ಆಮೇಲೆ ಹೋಗಿ.

ಮೊದಲ ದಿನ ಅಂಟು ಮುಟ್ಟಬೇಡಿ. ಬರೀ ನೋಡಿ. ರಾತ್ರಿ ದೀಪ ಆರಿಸಿ ರೆಕ್ಕೆಯ ಹಿಂದೆ ಟಾರ್ಚ್ ಹಿಡಿದರೆ ಬಿರುಕು ಬಿಟ್ಟ ರಿಬ್‌ಗಳು (ರೆಕ್ಕೆಗೆ ಆಕಾರ ಕೊಡುವ ಅಡ್ಡ ಪಟ್ಟಿಗಳು), ಬಿಟ್ಟುಕೊಂಡ ಜೋಡಣೆಗಳು ನೆರಳಾಗಿ ಕಾಣುತ್ತವೆ. ರೆಕ್ಕೆಗೆ ಹೊದಿಸಿದ ಬಣ್ಣದ ಫಿಲ್ಮ್, ಅಂದರೆ ಬಿಸಿಗೆ ಅಂಟುವ ಪ್ಲಾಸ್ಟಿಕ್ ಹಾಳೆ, ದಪ್ಪಗಿದ್ದರೆ ಬೆರಳಲ್ಲಿ ಮೆಲ್ಲಗೆ ಒತ್ತುತ್ತಾ ಬನ್ನಿ. ಅಂಟು ಬಿಟ್ಟ ಕಡೆ 'ಟಿಕ್' ಅನ್ನುತ್ತದೆ. ಹಳೇ ಸೂಪರ್ ಗ್ಲೂ ಜೋಡಣೆಗಳು ವರ್ಷ ಕಳೆದಂತೆ ಪೆಡಸಾಗಿ ಬಿಟ್ಟುಕೊಳ್ಳುತ್ತವೆ. ಆಮೇಲೆ ರೆಕ್ಕೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಹಿಂದಿನಿಂದ ನೋಡಿ, ತಿರುಚಿಕೊಂಡಿದೆಯಾ ಅಂತ. ಪ್ರತಿ ಭಾಗವನ್ನೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಈ ಪಟ್ಟಿ ಮುಂದೆ ನಿಮ್ಮನ್ನು ಕಾಪಾಡುತ್ತದೆ. ನನ್ನನ್ನು ಕಾಪಾಡಲಿಲ್ಲ, ಯಾಕೆಂದರೆ ನಾನು ಬಾಲವನ್ನು ತೂಗಿರಲಿಲ್ಲ.

ಆದದ್ದು ಇಷ್ಟೆ. ಬಾಲದ ಬುಡದಲ್ಲಿ ಒಂದು ಸಣ್ಣ ಬಿರುಕು. ಟೂಲ್ ರೂಮಿನ ಬುದ್ಧಿ ಎಲ್ಲಿ ಹೋಗುತ್ತದೆ, 'ಇನ್ನೊಂದು ಸಲ ಮುರಿಯಬಾರದು' ಅಂತ ಎರಡೂ ಕಡೆ ಪ್ಲೈವುಡ್ ತುಂಡಿಟ್ಟು ಎಪಾಕ್ಸಿ ಅನ್ನುವ ಗಟ್ಟಿ ಅಂಟು ಮೆತ್ತಿದೆ. ಕಲ್ಲಿನ ಹಾಗೆ ಗಟ್ಟಿಯಾಯಿತು. ಎಲ್ಲ ಜೋಡಿಸಿ ಎರಡು ಬೆರಳ ಮೇಲೆ ನಿಲ್ಲಿಸಿದರೆ ಗ್ಲೈಡರ್ ಹಿಂದಕ್ಕೆ ಕುಕ್ಕರಿಸಿತು. ಹೊಸದಾಗಿ ಸೇರಿದ್ದು 8 ಗ್ರಾಂ ಮಾತ್ರ. ಆದರೆ ತೂಕದ ನಡುಬಿಂದುವಿನಿಂದ ಬಾಲಕ್ಕೆ 70 ಸೆಂಟಿಮೀಟರ್. ಮೂಗಿನಲ್ಲಿ ಸೀಸ ಇಡುವ ಜಾಗಕ್ಕೆ ಬರೀ 25. ಲೆಕ್ಕ ಹಾಕಿ: ಬಾಲದ 8 ಗ್ರಾಂ ಸರಿದೂಗಿಸಲು ಮೂಗಿಗೆ 22 ಗ್ರಾಂ ಸೀಸ ಬೇಕು. ಒಟ್ಟು 30 ಗ್ರಾಂ ದಂಡ, ಒಂದು ಕೂದಲೆಳೆ ಬಿರುಕಿಗೆ! ಅದನ್ನೆಲ್ಲ ಕೆರೆದು ತೆಗೆದೆ. ಬಿರುಕಿನೊಳಕ್ಕೆ ತೆಳು ಸೂಪರ್ ಗ್ಲೂ ಎರಡು ಹನಿ ಇಳಿಸಿದೆ, ಮೇಲೆ ಕಾಗದದಷ್ಟು ತೆಳ್ಳನೆಯ ಗಾಜಿನ ನಾರಿನ ಬಟ್ಟೆ ಅಂಟಿಸಿದೆ. ಅರ್ಧ ಗ್ರಾಂ ಕೂಡ ಆಗಲಿಲ್ಲ. ಇವತ್ತಿಗೂ ಗಟ್ಟಿಯಾಗಿದೆ.

ಹಳೇ ಗ್ಲೈಡರ್ ಕೆಡುವುದು ಹೆಚ್ಚಾಗಿ ರಿಪೇರಿಯಿಂದಲೇ. ಬಾಲ್ಸಾ ಮುರಿದ ಕಡೆ ಬಾಲ್ಸಾನೇ ಹಾಕಿ. ಎಳೆ ಯಾವ ದಿಕ್ಕಿಗಿತ್ತೋ ಅದೇ ದಿಕ್ಕಿಗೆ ಇಡಿ. ಮರದ ಅಂಟೇ ಸಾಕು. ಅಮೆರಿಕದಲ್ಲಿ ಹಳದಿ ಬಣ್ಣದ ವುಡ್ ಗ್ಲೂ, ನಮ್ಮಲ್ಲಿ ಫೆವಿಕಾಲ್. ಎಪಾಕ್ಸಿ ಭಾರ. ಅದನ್ನು ರೆಕ್ಕೆಯ ನಡು ಜೋಡಣೆಗೆ, ಟೋ ಹುಕ್ (ಮೇಲಕ್ಕೆ ಎಳೆಯುವ ದಾರ ಸಿಕ್ಕಿಸುವ ಕೊಕ್ಕೆ) ಕೂರಿಸುವ ಜಾಗಕ್ಕೆ ಮಾತ್ರ ಎತ್ತಿಡಿ.

ಈಗ ಸ್ಪಾರ್‌ಗೆ ಬರೋಣ. ರೆಕ್ಕೆಯ ಉದ್ದಕ್ಕೂ ಮೇಲೊಂದು ಕೆಳಗೊಂದು ಓಡುವ ಕಡ್ಡಿಗಳಿವೆಯಲ್ಲ, ಅವೇ. ನನ್ನದರಲ್ಲಿ ಎಡಗಡೆ ಮೇಲಿನದು ಪೂರ್ತಿ ಮುರಿದಿತ್ತು. ಮುರಿದ ತುದಿಗಳನ್ನು ಹಾಗೇ ಮುಖಕ್ಕೆ ಮುಖ ಇಟ್ಟು ಅಂಟಿಸಿದರೆ ಮೊದಲ ಎಳೆತಕ್ಕೇ ಕಿತ್ತು ಬರುತ್ತದೆ. ಎರಡೂ ತುದಿಗಳನ್ನು ಓರೆಯಾಗಿ ಕತ್ತರಿಸಬೇಕು. ದಪ್ಪ 6 ಮಿಲಿಮೀಟರ್ ಇದ್ದರೆ ಓರೆ 60 ಮಿಲಿಮೀಟರ್ ಉದ್ದ ಇರಲಿ. ಹತ್ತರಷ್ಟು. ಹೊಸ ತುಂಡಿಗೂ ಅದೇ ಓರೆ. ಚಾಕುವಿನಲ್ಲಿ ಒರಟಾಗಿ ಕತ್ತರಿಸಿ, ಮರದ ಪಟ್ಟಿಗೆ ಅಂಟಿಸಿದ ಉಪ್ಪುಕಾಗದದಲ್ಲಿ ಉಜ್ಜಿ ಸಮ ಮಾಡಿ. ಎರಡು ಓರೆಗಳನ್ನು ಸೇರಿಸಿ ಬೆಳಕಿಗೆ ಹಿಡಿದಾಗ ನಡುವೆ ಬೆಳಕು ಕಾಣಬಾರದು. ಗ್ಲೈಡರಿನ ನಕ್ಷೆ ಇರುವ ಪ್ಲಾನ್ ಹಾಳೆಯನ್ನು ಸಮತಟ್ಟಾದ ಹಲಗೆ ಮೇಲೆ ಹರಡಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಿ, ರೆಕ್ಕೆಯನ್ನು ಗುಂಡುಸೂಜಿಗಳಿಂದ ಹಿಡಿದಿಟ್ಟು ಅಂಟಿಸಿ. ರಾತ್ರಿಯಿಡೀ ಬಿಡಿ. ಆತುರ ಪಟ್ಟರೆ ರೆಕ್ಕೆ ಒಣಗುವಾಗಲೇ ತಿರುಚಿಕೊಳ್ಳುತ್ತದೆ.

ಮೇಲಿನ ಕೆಳಗಿನ ಸ್ಪಾರ್‌ಗಳ ನಡುವೆ, ರಿಬ್‌ನಿಂದ ರಿಬ್‌ಗೆ, ತೆಳು ಬಾಲ್ಸಾ ಹಲಗೆಗಳನ್ನು ನಿಲ್ಲಿಸುತ್ತಾರೆ. ಶಿಯರ್ ವೆಬ್ ಅಂತ ಹೆಸರು. ಇದರ ಎಳೆ ಲಂಬವಾಗಿ, ಮೇಲಿಂದ ಕೆಳಕ್ಕೆ ಇರಬೇಕು. ರೆಕ್ಕೆ ಮೇಲಕ್ಕೆ ಬಾಗಿದಾಗ ಮೇಲಿನ ಸ್ಪಾರ್ ಒತ್ತಿಕೊಳ್ಳುತ್ತದೆ, ಕೆಳಗಿನದು ಜಗ್ಗುತ್ತದೆ. ಇವೆರಡೂ ಒಂದರ ಮೇಲೊಂದು ಜಾರದಂತೆ ತಡೆಯುವುದು ಈ ಹಲಗೆ. ನನ್ನ ಗ್ಲೈಡರನ್ನು ಮೊದಲು ಕಟ್ಟಿದ ಪುಣ್ಯಾತ್ಮ ಮುರಿದ ಜಾಗದಲ್ಲಿ ಎರಡು ವೆಬ್ ಹಾಕಿರಲೇ ಇಲ್ಲ. ರೆಕ್ಕೆ ಸರಿಯಾಗಿ ಅಲ್ಲೇ ಮುರಿದಿತ್ತು.

ಇನ್ನು ಹೊದಿಕೆ. ಹಳೇ ಫಿಲ್ಮ್ ಸಡಿಲವಾಗಿದ್ದರೂ ಮೆತ್ತಗಿದ್ದರೆ ಕಿತ್ತು ಹಾಕಬೇಡಿ. ಇಸ್ತ್ರಿ ಪೆಟ್ಟಿಗೆಗೆ ಹಳೇ ಕಾಟನ್ ಕಾಲುಚೀಲ ತೊಡಿಸಿ ಮೆಲ್ಲಗೆ ಸವರಿದರೆ ಮತ್ತೆ ಬಿಗಿಯಾಗುತ್ತದೆ. ಉಗುರು ತಾಗಿದರೆ ಪರಪರ ಹರಿಯುತ್ತಿದೆಯಾ? ಹಾಗಾದರೆ ತೆಗೆಯಲೇಬೇಕು. ತೆಗೆಯುವಾಗ ಮೇಲಕ್ಕೆ ಎಳೆಯಬೇಡಿ, ಬಾಲ್ಸಾ ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತದೆ. ಬಿಸಿ ಮಾಡಿ, ಫಿಲ್ಮನ್ನು ಅದರ ಮೇಲೇ ಮಡಿಸಿದಂತೆ ಹಿಂದಕ್ಕೆ, ಮರದ ಎಳೆಯ ದಿಕ್ಕಿನಲ್ಲೇ ಎಳೆಯಿರಿ. ಹಬ್ಬದ ದಿನ ಬಾಳೆಲೆ ಮಡಿಸುತ್ತೀವಲ್ಲ, ಹಾಗೆ.

ಹೊಸ ಫಿಲ್ಮ್ ಹಾಕುವ ಮುಂಚೆ ಬೇಡದ ತುಂಡೊಂದರ ಮೇಲೆ ಶಾಖ ಪರೀಕ್ಷಿಸಿ. ಅಂಟುವುದಕ್ಕೆ ಕಡಿಮೆ ಶಾಖ, ಬಿಗಿಯಾಗುವುದಕ್ಕೆ ಜಾಸ್ತಿ ಶಾಖ ಬೇಕು. ಕೆಳಮೈ ಮೊದಲು, ಮೇಲ್ಮೈ ಆಮೇಲೆ. ಸುತ್ತ ಅಂಚುಗಳನ್ನು ಅಂಟಿಸಿದ ನಂತರವೇ ನಡುಭಾಗಕ್ಕೆ ಬಿಸಿ ತೋರಿಸಿ. ಬಾಲದ ರೆಕ್ಕೆಗೆ ಒಂದು ಪಕ್ಕ ಪೂರ್ತಿ ಬಿಗಿ ಮಾಡಿ ಆಮೇಲೆ ಇನ್ನೊಂದು ಅಂತ ಹೊರಟರೆ ಅದು ಹಪ್ಪಳದಂತೆ ಬಾಗುತ್ತದೆ. ಈ ಕಡೆ ಸ್ವಲ್ಪ, ಆ ಕಡೆ ಸ್ವಲ್ಪ. ನಾನು ಕೆಂಪು ಪಾರದರ್ಶಕ ಫಿಲ್ಮ್ ಹಾಕಿದೆ. ರಿಬ್‌ಗಳು ಕಾಣುತ್ತವೆ, ಸಂಜೆ ಬಿಸಿಲಿಗೆ ಲ್ಯಾಂಪ್ ಶೇಡ್‌ನಂತೆ ಹೊಳೆಯುತ್ತದೆ. ಬಳಸಿದ್ದು ಮಗಳ ಇಸ್ತ್ರಿ ಪೆಟ್ಟಿಗೆ. ಆ ವಿಷಯ ಇಲ್ಲಿಗೇ ಬಿಡೋಣ.

ಹೊದಿಕೆ ಮುಗಿದ ಮೇಲೆ ರೆಕ್ಕೆಯ ತಿರುಚು ಸರಿ ಮಾಡುವುದು ಸುಲಭ. ಬೇಕಾದ ದಿಕ್ಕಿಗೆ ಒಂದಿಷ್ಟು ಜಾಸ್ತಿಯೇ ತಿರುಚಿ ಹಿಡಿದುಕೊಳ್ಳಿ, ಇನ್ನೊಬ್ಬರು ಫಿಲ್ಮ್ ಬಿಸಿ ಮಾಡಲಿ, ತಣ್ಣಗಾಗುವ ತನಕ ಬಿಡಬೇಡಿ. ರೆಕ್ಕೆ ತುದಿಯ ಹಿಂದಿನ ಅಂಚು 3-4 ಮಿಲಿಮೀಟರ್ ಮೇಲಿದ್ದರೆ ಒಳ್ಳೆಯದೇ, ನಿಧಾನವಾಗಿ ತಿರುಗುವಾಗ ತುದಿ ಕುಸಿಯುವುದಿಲ್ಲ. ಆದರೆ ಎರಡೂ ಕಡೆ ಒಂದೇ ಸಮ ಇರಬೇಕು.

ಡಬ್ಬದಲ್ಲಿದ್ದ ಹಳೇ ನಿಕೆಲ್ ಕ್ಯಾಡ್ಮಿಯಂ ಬ್ಯಾಟರಿ ಸೋರಿ ಮೂಗಿನ ತುಂಬ ಹಸಿರು ಪುಡಿ ತುಂಬಿತ್ತು. ಕ್ಯಾಡ್ಮಿಯಂ ವಿಷ. ಕೈಗವಸು ಹಾಕಿಕೊಂಡು ತೆಗೆದು ಬ್ಯಾಟರಿ ತೆಗೆದುಕೊಳ್ಳುವ ಕೇಂದ್ರಕ್ಕೆ ಕೊಡಿ, ಕಸದ ಬುಟ್ಟಿಗೆ ಹಾಕಬೇಡಿ. ಇನ್ನೊಂದು ಗುಟ್ಟು: ಇಂಥ ಬ್ಯಾಟರಿಯ ಕಪ್ಪು ವೈರ್ ಸುಲಿದು ನೋಡಿ. ಒಳಗಿನ ತಾಮ್ರವೂ ಕಪ್ಪಾಗಿದ್ದರೆ ಆ ವೈರ್, ಸ್ವಿಚ್ ಎರಡನ್ನೂ ಬಿಸಾಡಿ. ಅದಕ್ಕೆ ಬೆಸುಗೆ ಹಿಡಿಯುವುದಿಲ್ಲ, ನಡು ಆಕಾಶದಲ್ಲಿ ಕೈ ಕೊಡುತ್ತದೆ. ಹಳೇ ರೇಡಿಯೋ ಶೋಕೇಸಿಗೆ ಚೆನ್ನ. ಹಾರಿಸಲು ಈಗಿನ 2.4 ಗಿಗಾಹರ್ಟ್ಸ್ ಸೆಟ್, ನಾಲ್ಕು ಸೆಲ್‌ನ ನಿಕೆಲ್ ಮೆಟಲ್ ಹೈಡ್ರೈಡ್ ಪ್ಯಾಕ್ ಸಾಕು. ಹಳೇ ಸರ್ವೋ (ರಡ್ಡರ್, ಎಲಿವೇಟರ್ ಅಲ್ಲಾಡಿಸುವ ಪುಟ್ಟ ಯಂತ್ರ) ಉಳಿಸಿಕೊಳ್ಳುವ ಆಸೆಯಿದ್ದರೆ ವೈರ್‌ಗಳ ಕ್ರಮ ನೋಡಿಯೇ ಸಿಕ್ಕಿಸಿ, ಕೆಲವು ಹಳೇ ಬ್ರ್ಯಾಂಡ್‌ಗಳಲ್ಲಿ ಅದು ಈಗಿನದಕ್ಕಿಂತ ಬೇರೆ. ಹಗುರವಾದ ಹೊಸ ಸರ್ವೋ ಹಾಕಿದರೆ ಮೂಗು ಹಗುರವಾಗುತ್ತದೆ, ಮತ್ತೆ ಸೀಸ. ಬ್ಯಾಟರಿಯನ್ನೇ ಆದಷ್ಟು ಮುಂದಕ್ಕೆ ತಳ್ಳಿ.

ಸರ್ವೋದಿಂದ ಬಾಲಕ್ಕೆ ಹೋಗುವ ಕಂಟ್ರೋಲ್ ಕಡ್ಡಿಗಳು ನೈಲಾನ್ ಕೊಳವೆಯವಾದರೆ ಬಿಸಿಲಿಗೆ ಉದ್ದವಾಗುತ್ತವೆ. ಗ್ಯಾರೇಜಿನ ತಂಪಿನಲ್ಲಿ ನೇರವಾಗಿದ್ದ ನನ್ನ ಎಲಿವೇಟರ್ ಮೈದಾನದಲ್ಲಿ ಹತ್ತು ನಿಮಿಷಕ್ಕೆ ಓರೆಯಾಗಿತ್ತು. ಕೊನೆಯ ಹೊಂದಾಣಿಕೆ ಬಿಸಿಲಲ್ಲೇ ಮಾಡಿ.

ತೂಕದ ನಡುಬಿಂದು ಪ್ಲಾನ್‌ನಲ್ಲಿ ಗುರುತು ಮಾಡಿರುತ್ತಾರೆ. ಪ್ಲಾನ್ ಇಲ್ಲದಿದ್ದರೆ ರೆಕ್ಕೆಯ ಮುಂದಿನ ಅಂಚಿನಿಂದ ಅಗಲದ ಮೂರನೇ ಒಂದು ಭಾಗದಲ್ಲಿ ಶುರು ಮಾಡಿ. ಟೋ ಹುಕ್ ಅದಕ್ಕಿಂತ ಒಂದು ಸೆಂಟಿಮೀಟರ್ ಮುಂದೆ.

ಅಮೆರಿಕದಲ್ಲಿ 250 ಗ್ರಾಂ ದಾಟಿದ ಮಾಡೆಲ್‌ಗೆ ವಾಯುಯಾನ ಇಲಾಖೆಯ ನೋಂದಣಿ ಬೇಕು. ಮೂರು ವರ್ಷಕ್ಕೆ ಐದು ಡಾಲರ್. ಜೊತೆಗೆ ಟ್ರಸ್ಟ್ ಅನ್ನುವ ಉಚಿತ ಪರೀಕ್ಷೆಯೂ ಇದೆ. ಗುರುತಿಸಿದ ಕ್ಲಬ್ ಮೈದಾನಗಳ ಹೊರಗೆ ಹಾರಿಸುವುದಾದರೆ ಹಾರುವಾಗ ತನ್ನ ಗುರುತು, ಜಾಗ ಸಾರುವ ರಿಮೋಟ್ ಐಡಿ ಮಾಡ್ಯೂಲ್ ಬೇರೆ. ನಾನು ಕ್ಲಬ್ ಮೈದಾನಕ್ಕೇ ಹೋದೆ.

ಮೊದಲು ಉದ್ದ ಹುಲ್ಲಿರುವ ಕಡೆ, ಗಾಳಿಗೆ ಎದುರಾಗಿ, ಕೈಯಿಂದ ಬಿಡಿ. ಎಸೆಯುವುದಲ್ಲ, ಓಡುತ್ತಾ ಹೋಗಿ ನೇರವಾಗಿ ತಳ್ಳುವುದು. ಮೂಗು ಎಳ್ಳಷ್ಟು ಕೆಳಗಿರಲಿ. ನೆಟ್ಟಗೆ ತೇಲಿ ಹೋದರೆ ಮಾತ್ರ ಹೈ ಸ್ಟಾರ್ಟ್‌ಗೆ ಹೋಗಿ. ಅದು 30 ಮೀಟರ್ ರಬ್ಬರ್ ಕೊಳವೆ, ಅದಕ್ಕೆ ಸುಮಾರು 120 ಮೀಟರ್ ದಾರ, ಒಂದು ಥರ ದೊಡ್ಡ ಚಾಟರ್‌ಬಿಲ್ಲು. ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಗ್ಲೈಡರ್ ತೂಕದ ಮೂರು ನಾಲ್ಕು ಪಟ್ಟು ತೋರಿಸುವ ತನಕ ಎಳೆದರೆ ಸಾಕು. ರಿಪೇರಿಯಾದ ರೆಕ್ಕೆಗೆ ಮೊದಲ ದಿನ ಅದಕ್ಕಿಂತ ಜಾಸ್ತಿ ಬೇಡ. ಎತ್ತರಕ್ಕೆ ಹೋದ ಮೇಲೆ ಮೂಗು ಕೆಳಗೆ ಮಾಡಿ ಕಂಟ್ರೋಲ್ ಬಿಡಿ. ಮೆಲ್ಲಗೆ ತಾನೇ ಎದ್ದರೆ ಸರಿ. ಧಡಕ್ಕನೆ ಎದ್ದರೆ ಮೂಗು ಭಾರ. ಇನ್ನೂ ಕಡಿದಾಗಿ ಇಳಿದರೆ ಬಾಲ ಭಾರ, ಕೂಡಲೇ ಇಳಿಸಿ. ನನ್ನದು ಧಡಕ್ಕನೆ ಎದ್ದಿತು. 6 ಗ್ರಾಂ ಸೀಸ ತೆಗೆದೆ. ಮೂರನೇ ಹಾರಾಟದಲ್ಲಿ ಮೊಮ್ಮಗ ಕೈಗಡಿಯಾರ ಹಿಡಿದು ನಿಂತಿದ್ದ. ಹನ್ನೊಂದು ನಿಮಿಷ. "ತಾತ, ಸಾಕು, ಹಸಿವಾಗ್ತಿದೆ" ಅಂದ ಮೇಲೆ ಇಳಿಸಿದೆ.

ಅಕ್ಟೋಬರ್‌ನಲ್ಲಿ ವಾಪಸ್ ಬೆಂಗಳೂರಿಗೆ ಹೊರಡುವ ಹಿಂದಿನ ರಾತ್ರಿ ರೆಕ್ಕೆಯ ರಬ್ಬರ್ ಬ್ಯಾಂಡ್‌ಗಳನ್ನು ಬಿಚ್ಚಿದೆ. ರೆಕ್ಕೆಯನ್ನು ಗೋಡೆಗೆ ಒರಗಿಸದೆ ಎರಡು ಕಡೆ ಬಟ್ಟೆ ಪಟ್ಟಿ ಕಟ್ಟಿ ಗ್ಯಾರೇಜಿನ ಸೂರಿಗೆ ನೇತುಹಾಕಿದೆ. ಬ್ಯಾಟರಿ ಹೊರಗೆ ತೆಗೆದು ತಾರೀಖು ಬರೆದು ಮಗಳ ಕೈಗೆ ಕೊಟ್ಟೆ. ಅವಳು ಅದನ್ನು ಹೊಸ ಇಸ್ತ್ರಿ ಪೆಟ್ಟಿಗೆಯ ಪಕ್ಕದಲ್ಲೇ ಇಟ್ಟಿದ್ದಾಳಂತೆ.